ಬಾಂದೋಲಿನ ಒಗರು

ಸಿದ್ದಾಪುರದ ಕಡೆಯ ಅಡಿಕೆ ತೋಟದ ಮನೆಯವನು ನಾನು. ಮನೆಯಲ್ಲಿ ಈರುಳ್ಳಿಯನ್ನೂ ಅನುಮಾನದಿಂದ ನೋಡುತ್ತಿದ್ದರು. ಅಂಥ ಮನೆಯಿಂದ ಹೊರಟು, ಬೆಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಒಂದೆರಡು ಕಡೆ ತಟ್ಟೆ ಹೊತ್ತು, ಕೊನೆಗೆ ಫ್ರಾನ್ಸಿನ ದಕ್ಷಿಣ ಕರಾವಳಿಗೆ ಹೋಗಿ ಬಿದ್ದೆ. ಮಾರ್ಸೇ ಮತ್ತು ತುಲೋಂ ನಗರಗಳ ನಡುವಿನ ಒಂದು ಸಣ್ಣ ಊರಿನ ರೆಸ್ಟೋರೆಂಟಿನಲ್ಲಿ ಒಂಬತ್ತು ವರ್ಷ ವೈನ್ ಬಡಿಸುವುದೇ ನನ್ನ ಕೆಲಸವಾಗಿತ್ತು. ಹನ್ನೆರಡು ಮೇಜು, ಒಬ್ಬ ಯಜಮಾನಿ. ಅಡುಗೆಯೂ ಅವರದೇ, ಗಲ್ಲಾಪೆಟ್ಟಿಗೆಯೂ ಅವರದೇ, ಬೈಗುಳವೂ ಅವರದೇ.

ಅಲ್ಲಿಂದ ಕೂಗಳತೆಯಲ್ಲಿ ಬಾಂದೋಲ್ ಬಂದರು. ಒಂದು ಕಾಲದಲ್ಲಿ ಸುತ್ತಲಿನ ಗುಡ್ಡಗಳ ವೈನ್ ಪೀಪಾಯಿಗಳೆಲ್ಲ ಇಲ್ಲಿಂದಲೇ ಹಡಗು ಹತ್ತುತ್ತಿದ್ದವು. ಹಾಗಾಗಿ ವೈನಿಗೂ ಬಂದರಿನ ಹೆಸರೇ ನಿಂತಿತು. ಕಪ್ಪುಗೆಂಪು ಬಣ್ಣದ, ಒರಟು, ಸುಲಭಕ್ಕೆ ಬಗ್ಗದ ಈ ಕೆಂಪು ವೈನ್ ನನಗೆ ಕಲಿಸಿದ್ದನ್ನು ನೆನಪಾದ ಕ್ರಮದಲ್ಲಿ ಬರೆಯುತ್ತಿದ್ದೇನೆ.

1. ಒಗರಿಗೆ ನಮ್ಮಲ್ಲಿ ಹೆಸರಿದೆ

ವೈನ್ ಕಲಿಯಲು ಬಂದವರಿಗೆಲ್ಲ ಮೊದಲು ತೊಡಕಾಗುವುದು ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಿಂದ ವೈನಿಗೆ ಇಳಿಯುವ ವಸ್ತು ಅದು. ಬಾಯಿ ಒಣಗಿಸುತ್ತದೆ, ಒಸಡು ಹಿಡಿಯುತ್ತದೆ. ನನ್ನ ಜೊತೆ ಕಲಿಯುತ್ತಿದ್ದ ಹುಡುಗರು ಅದನ್ನು ಕಹಿ ಎನ್ನುತ್ತಿದ್ದರು, ಕೆಲವರು ಹುಳಿ ಎನ್ನುತ್ತಿದ್ದರು. ನನಗೆ ಮೊದಲ ಗುಟುಕಿಗೇ ಗೊತ್ತಾಯಿತು, ಇದು ಒಗರು. ಷಡ್ರಸಗಳಲ್ಲಿ ಅದಕ್ಕೊಂದು ಸ್ಥಾನ ಕೊಟ್ಟು ಕೂರಿಸಿದ ಭಾಷೆಯವನು ನಾನು. ನೇರಳೆಹಣ್ಣು ತಿಂದು ನಾಲಿಗೆ ದಪ್ಪವಾದದ್ದು, ಗೇರುಹಣ್ಣು ಕಚ್ಚಿ ಗಂಟಲು ಹಿಡಿದದ್ದು, ಎಲ್ಲ ಒಮ್ಮೆಲೇ ನೆನಪಾಯಿತು.

ಅದಕ್ಕಿಂತ ಹತ್ತಿರದ್ದು ಅಡಿಕೆ. ಎಳೆಯ ಅಡಿಕೆಯ ಒಗರು ಬಾಯಿಯನ್ನೇ ತಿರುಚುತ್ತದೆ, ಹಣ್ಣಡಿಕೆಯದು ಅಷ್ಟಿಲ್ಲ. ಕಾಯಿ ಬಲಿತಂತೆ ಅದರೊಳಗಿನ ಟ್ಯಾನಿನ್ ಇಳಿಯುತ್ತ ಹೋಗುತ್ತದೆ. ದ್ರಾಕ್ಷಿಯಲ್ಲೂ ಹಾಗೇ, ಬೆಳೆದ ಹಣ್ಣಿನ ಒಗರು ಬೇರೆ, ಅವಸರದಲ್ಲಿ ಕೊಯ್ದ ಹಣ್ಣಿನ ಒಗರು ಬೇರೆ. ರುಚಿ ನೋಡುವಾಗ ನಾನು ಮಾಡುವುದಿಷ್ಟೇ. ಒಂದು ಗುಟುಕು ಬಾಯಲ್ಲಿಟ್ಟು, ನಿಧಾನಕ್ಕೆ ಹತ್ತು ಎಣಿಸಿ, ಜಗಿದು, ಉಗುಳಿ, ಆಮೇಲೆ ನಾಲಿಗೆಯಿಂದ ಒಸಡನ್ನು ಸವರುತ್ತೇನೆ. ಮುಂದಿನ ಒಸಡಿನ ಮೇಲೆ ಮರಳುಕಾಗದ ಎಳೆದಂತಾದರೆ ಹಸಿ ಒಗರು. ಕೆನ್ನೆಯ ಒಳಗೆಲ್ಲ ಸಮನಾಗಿ ಹರಡಿ, ದಪ್ಪ ಬಟ್ಟೆಯ ಹಾಗೆ ಕೂತರೆ ಬಲಿತ ಒಗರು. ಒಳ್ಳೆಯ ಬಾಂದೋಲ್ ಎರಡನೆಯ ಜಾತಿಯದು. ಒಗರು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿ ಕೂತಿದೆ ಎಂದು ನೋಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಮ್ಮೆ ರಜೆಯಲ್ಲಿ ಬರುವಾಗ ಒಂದು ಬಾಟಲಿ ತಂದಿದ್ದೆ. ಮನೆಯಲ್ಲಿ ತೆರೆಯುವ ಧೈರ್ಯವಿರಲಿಲ್ಲ, ತೋಟದ ಮನೆಯಲ್ಲಿ ತೆರೆದೆ. ಅಪ್ಪ ಜೀವಮಾನದಲ್ಲಿ ಒಂದು ಹನಿ ಕುಡಿದವರಲ್ಲ. ಬಿರಡೆಯನ್ನು ಮಾತ್ರ ಮೂಗಿನ ಹತ್ತಿರ ಹಿಡಿದು, "ಚೊಗರಿನ ಹಂಡೆ ವಾಸ್ನೆ ಬತ್ತಲೋ ತಮಾ" ಎಂದರು. ಅಡಿಕೆ ಬೇಯಿಸಿ ಬೇಯಿಸಿ ಉಳಿದ ಕಡುಗೆಂಪು ನೀರು ಚೊಗರು. ಒಂಬತ್ತು ವರ್ಷದಲ್ಲಿ ಅಷ್ಟು ಕರಾರುವಾಕ್ಕಾದ ಟಿಪ್ಪಣಿಯನ್ನು ನಾನು ಯಾವ ವೈನ್ ಪಂಡಿತನ ಬಾಯಲ್ಲೂ ಕೇಳಿರಲಿಲ್ಲ.

2. ಮೊದಲ ವಾಸನೆಗೆ ತೀರ್ಪು ಕೊಡಬಾರದು

ಕೆಲಸಕ್ಕೆ ಸೇರಿದ ಮೊದಲ ತಿಂಗಳು. ವಯಸ್ಸಾದ ದಂಪತಿ ನಾಲ್ಕು ವರ್ಷದ ಬಾಂದೋಲ್ ಕೇಳಿದರು. ತೆರೆದು ಮೂಸಿದೆ. ಒದ್ದೆ ಕೊಟ್ಟಿಗೆ, ಸುಟ್ಟ ಬೆಂಕಿಕಡ್ಡಿ, ಎಲ್ಲೋ ಹಿಂದೆ ಬೇಯಿಸಿದ ಮೊಟ್ಟೆ. ಬಾಟಲಿ ಕೆಟ್ಟಿದೆ ಎಂದು ಕ್ಷಮೆ ಕೇಳಿ ಇನ್ನೊಂದು ತಂದೆ. ಅದೂ ಹಾಗೇ. ಮೂರನೆಯದೂ ಹಾಗೇ. ಅಷ್ಟರಲ್ಲಿ ಯಜಮಾನಿ ಅಡುಗೆಮನೆಯಿಂದ ಬಂದರು, ಸಾಲಾಗಿ ನಿಂತ ಮೂರು ಬಾಟಲಿ ನೋಡಿದರು, ಏನೂ ಹೇಳಲಿಲ್ಲ. ಮೊದಲನೆಯದನ್ನು ಅಗಲ ಬಾಯಿಯ ಹೂಜಿಗೆ ಎತ್ತರದಿಂದ ಸುರಿದು ಕಿಟಕಿಯ ಪಕ್ಕ ಇಟ್ಟರು. ದಂಪತಿಗೆ ಅದುವರೆಗೆ ರೋಸೇ ಎಂಬ ತಣ್ಣಗಿನ ಗುಲಾಬಿ ಬಣ್ಣದ ವೈನ್ ಕೊಡಿಸಿದರು. ಎರಡು ಗಂಟೆ ಕಳೆದ ಮೇಲೆ ನನ್ನ ಕೈಗೆ ಹೂಜಿ ಕೊಟ್ಟು "ಈಗ ಮೂಸು" ಎಂದರು. ಕೊಟ್ಟಿಗೆ ಹೋಗಿತ್ತು. ಕಪ್ಪು ಪ್ಲಮ್ ಹಣ್ಣು, ಜ್ಯೇಷ್ಠಮಧು, ಹೊಸ ಚಪ್ಪಲಿಯ ತೊಗಲು, ಬಿಸಿಲಿಗೆ ಕಾದ ಕಾಡುಗಿಡಗಳ ಘಾಟು. ಉಳಿದ ಎರಡು ಬಾಟಲಿಯ ಬೆಲೆಯನ್ನು ನನ್ನ ಸಂಬಳದಲ್ಲಿ ಹಿಡಿಯಲಿಲ್ಲ, ಆದರೆ ವರ್ಷಗಟ್ಟಲೆ ಆ ಕಥೆ ಹೇಳಿ ಬಡ್ಡಿ ಸಮೇತ ವಸೂಲಿ ಮಾಡಿದರು.

ಬಾಂದೋಲಿನ ಮುಖ್ಯ ದ್ರಾಕ್ಷಿಯ ಹೆಸರು ಮೂರ್ವೆದ್ರ್. ಗಾಳಿ ಸಿಗದಿದ್ದರೆ ಉಸಿರು ಕಟ್ಟುವ ಸ್ವಭಾವ ಅದರದು. ಗಂಧಕದ ಅಂಶವಿರುವ ವಾಸನೆಗಳು ಬಾಟಲಿಯೊಳಗೆ ಒಟ್ಟಾಗುತ್ತವೆ, ಗಾಳಿ ತಾಗಿದಾಗ ಚದುರುತ್ತವೆ. ಎಳೆಯ ಬಾಂದೋಲಿಗೆ ಎರಡು ಮೂರು ಗಂಟೆ ಹೂಜಿಯಲ್ಲಿ ಬಿಡುವುದು ಕನಿಷ್ಠ ಮರ್ಯಾದೆ. ಬಾಟಲಿಯ ಬಿರಡೆ ತೆಗೆದು ಹಾಗೇ ಮೇಜಿನ ಮೇಲಿಟ್ಟರೆ ಏನೂ ಆಗುವುದಿಲ್ಲ. ಆ ಕಿರಿದಾದ ಕುತ್ತಿಗೆಯೊಳಗೆ ಎಷ್ಟು ಗಾಳಿ ಹೋದೀತು?

ಆದರೆ ನಿಜವಾಗಿ ಕೆಟ್ಟ ಬಾಟಲಿಯೂ ಇರುತ್ತದೆ. ಬಿರಡೆಯ ದೋಷ ತಗುಲಿದ ವೈನು ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ, ಗಾಳಿಗೆ ಬಿಟ್ಟಷ್ಟೂ ಅದು ಎದ್ದು ಕಾಣುತ್ತದೆ. ಅದನ್ನು ವಾಪಸು ಕಳಿಸಬೇಕು. ಇನ್ನೊಂದು ಕುದುರೆ ಲಾಯದ ವಾಸನೆ, ಬ್ರೆಟ್ಟನೊಮೈಸಿಸ್ ಎಂಬ ಯೀಸ್ಟಿನದು. ಒಂದು ಚಿಟಿಕೆ ಇದ್ದರೆ ಕೆಲವರಿಗೆ ಇಷ್ಟ, ಹೆಚ್ಚಾದರೆ ಹಣ್ಣನ್ನೇ ನುಂಗಿಬಿಡುತ್ತದೆ. ಎಲ್ಲಿಯವರೆಗೆ ಚಿಟಿಕೆ ಎಂಬ ಬಗ್ಗೆ ನನಗೂ ಯಜಮಾನಿಗೂ ಕೊನೆಯವರೆಗೂ ಒಮ್ಮತ ಆಗಲಿಲ್ಲ.

3. ಗುಡ್ಡ ಹತ್ತಿ ನೋಡದೆ ಬಡಿಸಬಾರದು

ಒಂದು ಸೋಮವಾರ, ಅಂಗಡಿ ಮುಚ್ಚಿದ ದಿನ, ಲ ಕಾಸ್ತಲೇ ಎಂಬ ಗುಡ್ಡದೂರಿಗೆ ಹತ್ತಿದೆ. ಕೆಳಗೆ ಗುಡ್ಡದ ಮೈಗೆ ಮೆಟ್ಟಿಲು ಕೊರೆದಂತೆ ತೋಟಗಳು. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ, ಅದರ ಹಿಂದೆ ಹಿಡಿದಿಟ್ಟ ಮಣ್ಣು. ಅಲ್ಲಿಯವರು ಇದಕ್ಕೆ ರೆಸ್ತಾಂಕ್ ಎನ್ನುತ್ತಾರೆ. ಮಲೆನಾಡಿನಲ್ಲಿ ಗುಡ್ಡ ಕಡಿದು ಗದ್ದೆ ಮಾಡಿದ್ದನ್ನು ನೋಡಿದವರಿಗೆ ಅದರ ಹಿಂದಿನ ಬೆನ್ನುನೋವು ಅರ್ಥವಾಗುತ್ತದೆ. ಕೊಯ್ಲು ಕೈಯಲ್ಲೇ, ಯಂತ್ರಕ್ಕೆ ಇಲ್ಲಿ ಅನುಮತಿಯಿಲ್ಲ.

ಮೂರ್ವೆದ್ರ್ ತಡವಾಗಿ ಹಣ್ಣಾಗುವ ಜಾತಿ. ತಲೆಗೆ ಬಿಸಿಲು ಬೇಕು, ಕಾಲಿಗೆ ನೀರು ಬೇಕು ಎಂದು ಅಲ್ಲಿಯ ರೈತರು ಹೇಳುತ್ತಾರೆ. ನಮ್ಮ ಅಡಿಕೆ ಮರದ ಬೇಡಿಕೆಯೂ ಸುಮಾರಾಗಿ ಇಂಥದೇ ಎಂದು ನಾನು ಹೇಳಿದಾಗ ಒಬ್ಬ ಮುದುಕ ನನ್ನ ಬೆನ್ನು ತಟ್ಟಿದ್ದ, ಅಡಿಕೆ ಎಂದರೇನು ಎಂದು ಅವನಿಗೆ ಗೊತ್ತಿರಲಿಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಈ ಗುಡ್ಡಗಳಿಗೆ ಬಿಸಿಲು ಧಾರಾಳ, ಸಮುದ್ರದ ಗಾಳಿ ಸುಡದಂತೆ ಕಾಯುತ್ತದೆ, ಉತ್ತರದಿಂದ ಬೀಸುವ ಮಿಸ್ತ್ರಾಲ್ ಗಾಳಿ ಗೊಂಚಲನ್ನು ಒಣಗಿಸಿ ಬೂಷ್ಟು ಹಿಡಿಯದಂತೆ ಮಾಡುತ್ತದೆ. ಇದೇ ದ್ರಾಕ್ಷಿಗೆ ಸ್ಪೇನಿನಲ್ಲಿ ಮೊನಾಸ್ತ್ರೆಲ್ ಎಂದೂ ಆಸ್ಟ್ರೇಲಿಯಾದಲ್ಲಿ ಮತಾರೊ ಎಂದೂ ಹೆಸರು.

ಇಷ್ಟೆಲ್ಲ ಒಪ್ಪುವ ದ್ರಾಕ್ಷಿ ಇದೇ ಗುಡ್ಡಗಳಿಂದ ಹೆಚ್ಚುಕಡಿಮೆ ಮಾಯವಾಗಿತ್ತು ಎನ್ನುವುದು ನನಗೆ ಆಮೇಲೆ ತಿಳಿಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳನ್ನು ತಿಂದುಹಾಕಿತು. ಆಮೇಲೆ ಅಮೆರಿಕದ ಬೇರಿಗೆ ಕಸಿ ಕಟ್ಟಿ ಮತ್ತೆ ನೆಟ್ಟರು. ಮೂರ್ವೆದ್ರ್ ಕಸಿಗೆ ಸುಲಭಕ್ಕೆ ಒಗ್ಗಲಿಲ್ಲ, ಫಸಲೂ ಕಡಿಮೆ. ರೈತರು ಹೆಚ್ಚು ಬಿಡುವ ಜಾತಿಗಳಿಗೆ ಹೋದರು. ಅವರನ್ನು ದೂರುವುದು ಹೇಗೆ, ಹೊಟ್ಟೆಪಾಡು ತಾನೆ.

ಇದನ್ನು ತಿರುಗಿಸಿದ್ದರಲ್ಲಿ ಒಂದು ಮದುವೆಯ ಪಾಲಿದೆ. 1936ರಲ್ಲಿ ಲೂಸಿಯಾಂ ಪೇರೋ, ದೊಮೇನ್ ತಾಂಪಿಯೇ ಎಂಬ ವೈನ್ ತೋಟದ ಮನೆತನದ ಲೂಸಿ ತಾಂಪಿಯೇಯನ್ನು ಮದುವೆಯಾದರು. ಎಲ್ಲರೂ ಲೂಲೂ ಎಂದು ಕರೆಯುತ್ತಿದ್ದ ಹೆಣ್ಣುಮಗಳು. ಮಾವ ಅಳಿಯನಿಗೆ ಬೇರುಹೇನು ಬರುವ ಮೊದಲಿನ ಕಾಲದ ಹಳೆಯ ಬಾಟಲಿಯೊಂದನ್ನು ತೆರೆದು ಕೊಟ್ಟರಂತೆ. ಅಳಿಯ ಆ ರುಚಿಯ ಬೆನ್ನು ಹತ್ತಿ, ನೆರೆಹೊರೆಯವರನ್ನು ಒಪ್ಪಿಸಿ, ಮೂರ್ವೆದ್ರನ್ನು ವಾಪಸು ತಂದರು. 1941ರಲ್ಲಿ ಬಾಂದೋಲಿಗೆ ತನ್ನದೇ ಆದ ಅಧಿಕೃತ ಗುರುತು ಸಿಕ್ಕಿತು. ಇಂದು ಕೆಂಪು ಬಾಂದೋಲ್ ಎನಿಸಿಕೊಳ್ಳಲು ಅರ್ಧಕ್ಕಿಂತ ಕಡಿಮೆ ಮೂರ್ವೆದ್ರ್ ಇರುವಂತಿಲ್ಲ, ಉಳಿದದ್ದು ಮುಖ್ಯವಾಗಿ ಗ್ರೆನಾಶ್ ಮತ್ತು ಸ್ಯಾಂಸೋ. ಮಾರಾಟಕ್ಕೆ ಮೊದಲು ಕನಿಷ್ಠ 18 ತಿಂಗಳು ಮರದ ಪೀಪಾಯಿಯಲ್ಲಿರಬೇಕು. ಇಳುವರಿ ಹೆಕ್ಟೇರಿಗೆ 40 ಹೆಕ್ಟೋಲೀಟರ್ ಮೀರಬಾರದು.

ಬಡಿಸುವವನಿಗೆ ಇದರಿಂದ ಏನು ಉಪಯೋಗ? ಬಹಳ. ಅರ್ಧ ಮೂರ್ವೆದ್ರ್ ಇರುವ ಬಾಟಲಿ ಮತ್ತು ತೊಂಬತ್ತೈದು ಪಾಲು ಇರುವ ಬಾಟಲಿ ಎರಡರ ಮೇಲೂ ಬಾಂದೋಲ್ ಎಂದೇ ಬರೆದಿರುತ್ತದೆ. ತಾಂಪಿಯೇಯವರದೇ ಕಬಾಸು ಎಂಬ ತೋಟದ ವೈನು ಬಹುಪಾಲು ಮೂರ್ವೆದ್ರ್, ಅವರದೇ ಮಿಗುವಾ ತೋಟದ್ದರಲ್ಲಿ ಅದರ ಪಾಲು ಕಡಿಮೆ. ಒಂದಕ್ಕೆ ಕಾಡುಹಂದಿ ಬೇಕು, ಇನ್ನೊಂದು ಹುರಿದ ಕೋಳಿಗೂ ಸಾಕು. ಬಾಟಲಿ ಕೊಳ್ಳುವಾಗ ಮೂರ್ವೆದ್ರ್ ಎಷ್ಟು ಎಂದು ಅಂಗಡಿಯವನನ್ನು ಕೇಳಿ. ಉತ್ತರ ಗೊತ್ತಿಲ್ಲದವನ ಹತ್ತಿರ ದುಬಾರಿ ಬಾಟಲಿ ಕೊಳ್ಳಬೇಡಿ.

4. ಕೋಣೆಯ ಉಷ್ಣತೆ ಎಂಬ ಸುಳ್ಳು

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂದು ಯಾರೋ ಹೇಳಿದ್ದನ್ನು ಎಲ್ಲರೂ ನಂಬಿದ್ದಾರೆ. ಆ ಕೋಣೆ ಕಲ್ಲುಗೋಡೆಯ, ಚಳಿಗಾಲದ, ಫ್ರಾನ್ಸಿನ ಹಳೆಯ ಮನೆಯದು. 16ರಿಂದ 18 ಡಿಗ್ರಿ ಇದ್ದಿರಬೇಕು. ಆಗಸ್ಟಿನ ಮೂವತ್ತನಾಲ್ಕು ಡಿಗ್ರಿಯಲ್ಲಿ, ಅಥವಾ ಬೆಂಗಳೂರಿನ ಏಪ್ರಿಲಿನಲ್ಲಿ, ಅಲ್ಮೇರಾದಿಂದ ತೆಗೆದು ನೇರ ಸುರಿದರೆ ಸಿಗುವುದು ಸ್ಪಿರಿಟ್ಟಿನ ಘಾಟು ಮತ್ತು ಸೊರಗಿದ ಹಣ್ಣು. ಬಾಂದೋಲಿನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇಕಡಾ 14ರ ಆಸುಪಾಸು ಇರುತ್ತದೆ. ಬಿಸಿಯಾದರೆ ಅದೇ ಮುಂದೆ ಬಂದು ನಿಲ್ಲುತ್ತದೆ. ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ಮರೆತು ಎರಡು ಗಂಟೆ ಇಟ್ಟರೆ ಒಗರು ಗಟ್ಟಿಯಾಗಿ ಲೋಹದ ಹಾಗಾಗುತ್ತದೆ, ಆಗ ಲೋಟವನ್ನು ಅಂಗೈಯಲ್ಲಿ ಹಿಡಿದು ಕೂರಬೇಕು ಅಷ್ಟೇ.

5. ಮಜ್ಜಿಗೆಯ ಉಪಾಯ

ವೈನಿಗೆ ಊಟ ಹೊಂದಿಸುವುದನ್ನು ಪುಸ್ತಕಗಳಲ್ಲಿ ದೊಡ್ಡ ರಹಸ್ಯದ ಹಾಗೆ ಬರೆದಿರುತ್ತಾರೆ. ನನಗೆ ಅದು ಬಗೆಹರಿದದ್ದು ಬಾಳೆಹೂವಿನಿಂದ. ಅಮ್ಮ ಬಾಳೆಹೂವನ್ನು ಸಣ್ಣಗೆ ಹೆಚ್ಚಿ ಮಜ್ಜಿಗೆ ನೀರಿನಲ್ಲಿ ಹಾಕಿಡುತ್ತಿದ್ದಳು. ಯಾಕೆ ಎಂದರೆ "ಒಗರು ಬಿಡ್ಲಿ ಅಂತ" ಎನ್ನುತ್ತಿದ್ದಳು. ದಾಳಿಂಬೆ ಸಿಪ್ಪೆಯ ತಂಬುಳಿ ಮಾಡಿದರೂ ಅಷ್ಟೇ, ಕಾಯಿತುರಿ ಮತ್ತು ಮಜ್ಜಿಗೆ ಸೇರದೆ ಅದನ್ನು ಬಾಯಿಗಿಡುವುದಕ್ಕಾಗುವುದಿಲ್ಲ. ಟ್ಯಾನಿನ್‌ಗೆ ಪ್ರೋಟೀನ್ ಕಂಡರೆ ಅಂಟಿಕೊಳ್ಳುವ ಚಾಳಿ. ನಮ್ಮ ಜೊಲ್ಲನ್ನು ಜಾರಿಕೆಯಾಗಿಡುವ ಪ್ರೋಟೀನಿಗೆ ಅಂಟಿಕೊಂಡು ಗಂಟು ಕಟ್ಟಿದಾಗಲೇ ಬಾಯಿ ಒಣಗಿ ಒಗರೆನಿಸುವುದು. ಬಾಯಿಯಲ್ಲಿ ಬೇರೆ ಪ್ರೋಟೀನು, ಕೊಬ್ಬು ಇದ್ದರೆ ಅದು ಜೊಲ್ಲನ್ನು ಬಿಟ್ಟು ಅತ್ತ ಹೋಗುತ್ತದೆ. ಫ್ರಾನ್ಸಿನ ಹಲವು ನೆಲಮಾಳಿಗೆಗಳಲ್ಲಿ ಒರಟು ವೈನಿಗೆ ಮೊಟ್ಟೆಯ ಬಿಳಿಭಾಗ ಕದಡಿ ಬಿಟ್ಟು, ಒಗರನ್ನು ತಳಕ್ಕೆ ಇಳಿಸಿ, ಮೇಲಿನ ತಿಳಿ ತೆಗೆಯುವ ಹಳೆಯ ರೂಢಿಯಿದೆ. ಅಮ್ಮನ ಮಜ್ಜಿಗೆಗೂ ಅದಕ್ಕೂ ಒಂದೇ ತರ್ಕ.

ಇದು ತಿಳಿದ ಮೇಲೆ ಆ ಕರಾವಳಿಯ ಪ್ರೊವಾನ್ಸ್ ಪ್ರಾಂತ್ಯದ ಅಡುಗೆ ನನಗೆ ಹೊಸದಾಗಿ ಕಾಣತೊಡಗಿತು. ಯಜಮಾನಿಯ ಭಾನುವಾರದ ದೋಬ್ ಎಂಬ ಮಾಂಸದಡುಗೆ ಶುಕ್ರವಾರವೇ ಶುರುವಾಗುತ್ತಿತ್ತು. ದನದ ಕೆನ್ನೆ ಮತ್ತು ಮೊಣಕಾಲಿನ ಮಾಂಸ, ನಾರು ಹೆಚ್ಚಿರುವ ಅಗ್ಗದ ಭಾಗಗಳು. ಕೆಂಪು ವೈನು, ಥೈಮ್, ಪಲಾವ್ ಎಲೆಯ ಹತ್ತಿರದ ಬೇ ಎಲೆ, ಒಣಗಿಸಿದ ಕಿತ್ತಳೆ ಸಿಪ್ಪೆ, ಇವುಗಳಲ್ಲಿ ಒಂದು ರಾತ್ರಿ ನೆನೆಸಿ, ಮರುದಿನ ಮಣ್ಣಿನ ಪಾತ್ರೆಯಲ್ಲಿ ನಾಲ್ಕೈದು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ, ಆರಿಸಿ, ಭಾನುವಾರ ಮತ್ತೆ ಬಿಸಿ ಮಾಡಿ, ಕೊನೆಗೆ ಒಂದು ಹಿಡಿ ಕಪ್ಪು ಆಲಿವ್. ನಾರೆಲ್ಲ ಕರಗಿ ಸಾರು ತುಟಿಗೆ ಅಂಟುತ್ತಿತ್ತು. ಆ ಅಂಟೇ ಮುಖ್ಯ. ನಾನು ಮಾಂಸ ತಿನ್ನಲು ಕಲಿತದ್ದು ಅಲ್ಲಿ, ಕೆಲಸಕ್ಕಾಗಿ. ಮೊದಲ ತುತ್ತು ಕಷ್ಟವಾಗಿತ್ತು, ಆಮೇಲೆ ಒಂದು ಗುಟುಕು ಬಾಂದೋಲ್ ಕುಡಿದೆ. ಆ ಒರಟು ವೈನು ನುಣ್ಣಗಾಗಿತ್ತು. ಒಗರಿನ ಹಿಂದೆ ಅಡಗಿದ್ದ ಹಣ್ಣು ಮುಂದೆ ಬಂದಿತ್ತು.

ಕುರಿಯ ತೊಡೆಯನ್ನು ಬೆಳ್ಳುಳ್ಳಿ ಚುಚ್ಚಿ ಸುಟ್ಟದ್ದು, ಕಾಡುಹಂದಿಯ ಗಟ್ಟಿ ಸಾರು, ಬಾತುಕೋಳಿ, ಇವೆಲ್ಲ ಇದೇ ದಾರಿ. ಗುಡ್ಡದ ಮೇಲೆ ಥೈಮ್, ರೋಸ್ಮರಿ ತಿಂದು ಬೆಳೆದ ಕುರಿ, ಅದೇ ಗುಡ್ಡದ ವೈನು, ಎರಡರಲ್ಲೂ ಒಂದೇ ಘಾಟು ಎಂದು ಪ್ರವಾಸಿಗಳಿಗೆ ಹೇಳಿ ನಾನೂ ಬಕ್ಷೀಸು ಗಿಟ್ಟಿಸಿದ್ದೇನೆ. ಸುಂದರ ಮಾತು, ಆದರೆ ಕೆಲಸ ಮಾಡುವುದು ಕೊಬ್ಬು ಮತ್ತು ಉಪ್ಪು. ನಂಬದಿದ್ದರೆ ಮಾಂಸಕ್ಕೆ ಉಪ್ಪು ಹಾಕದೆ ತಿಂದು ವೈನ್ ಕುಡಿದು ನೋಡಿ.

6. ಖಾರದ ಮುಂದೆ ಸೋಲೊಪ್ಪಿಕೊಳ್ಳುವುದು

ಬೆಂಗಳೂರಿಗೆ ವಾಪಸು ಬಂದ ಹೊಸದರಲ್ಲಿ ನನಗೊಂದು ಹುಮ್ಮಸ್ಸಿತ್ತು. ಗಟ್ಟಿ ವೈನಿಗೆ ಗಟ್ಟಿ ಊಟ, ಹಾಗಾಗಿ ಬಾಂದೋಲಿಗೆ ಕುಂದಾಪುರದ ಕೋಳಿ ತುಪ್ಪ ರೋಸ್ಟ್. ತುಪ್ಪವಿದೆ, ಮಾಂಸವಿದೆ, ಇನ್ನೇನು ಬೇಕು? ಎಂಟು ಜನರನ್ನು ಕರೆದಿದ್ದೆ. ಎರಡನೆಯ ಗುಟುಕಿಗೆ ಎಲ್ಲರೂ ನೀರಿನ ಜಗ್ ಹುಡುಕುತ್ತಿದ್ದರು. ಮೆಣಸಿನಕಾಯಿಯ ಖಾರ ನಾಲಿಗೆಯ ಬಿಸಿ ತಿಳಿಯುವ ನರವನ್ನೇ ಕೆಣಕುತ್ತದೆ, ಆಲ್ಕೋಹಾಲ್ ಅದೇ ನರವನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಜೊತೆಗೆ ಒಣಗಿಸುವ ಒಗರು. ಮಸಾಲೆಯಲ್ಲಿದ್ದ ಬೆಲ್ಲದ ಸಿಹಿ ಬೇರೆ ಸೇರಿ ವೈನನ್ನು ಕಹಿ ಮಾಡಿತು. ಆ ರಾತ್ರಿ ಗೆದ್ದದ್ದು ಬಿಯರ್.

ಆದರೆ ಅದೇ ವರ್ಷ ಮಡಿಕೇರಿಯ ಸ್ನೇಹಿತನೊಬ್ಬನ ಮನೆಯಲ್ಲಿ ಪಂದಿ ಕರಿ ಮತ್ತು ಕಡಂಬುಟ್ಟಿನ ಊಟ. ಅವರ ಮನೆಯಲ್ಲಿ ಹಸಿಮೆಣಸು ಕಡಿಮೆ, ಕಪ್ಪಾಗುವಷ್ಟು ಹುರಿದ ಮಸಾಲೆ, ಕಾಳುಮೆಣಸು, ಕಾಚಂಪುಳಿಯ ಗಾಢ ಹುಳಿ, ಕೊಬ್ಬಿನ ಪದರವಿರುವ ಹಂದಿ. ನಾನು ಅನುಮಾನದಲ್ಲೇ ಹತ್ತು ವರ್ಷದ ಬಾಂದೋಲ್ ತೆರೆದೆ. ಕೊಬ್ಬು ಒಗರನ್ನು ತಗ್ಗಿಸಿತು. ಊಟದಲ್ಲಿ ಹುಳಿಯಿದ್ದರೆ ವೈನಿನ ಹುಳಿ ಹಿಂದೆ ಸರಿದು ಅದು ದುಂಡಗೆ ಕಾಣುತ್ತದೆ, ಕಾಚಂಪುಳಿ ಆ ಕೆಲಸ ಮಾಡಿತು. ಹುರಿದ ಮಸಾಲೆಯ ಹೊಗೆ ಮತ್ತು ವೈನಿನ ತೊಗಲಿನ ವಾಸನೆ ಅಣ್ಣತಮ್ಮಂದಿರ ಹಾಗೆ ಕೂತವು. ಸ್ನೇಹಿತನ ಅಜ್ಜಿ ಅರ್ಧ ಲೋಟ ಕುಡಿದು, "ನಮ್ಮ ಮನೆ ವೈನು ಇದಕ್ಕಿಂತ ಸಿಹಿ" ಎಂದಷ್ಟೇ ಹೇಳಿದರು. ಎಳೆಯ ಬಾಟಲಿಯಾಗಿದ್ದರೆ ಇದು ನಡೆಯುತ್ತಿರಲಿಲ್ಲ ಎಂದೇ ನನ್ನ ಲೆಕ್ಕ.

7. ಆರ್ಟಿಚೋಕ್ ಬೇಡ, ಚಾಕೊಲೇಟ್ ಖಂಡಿತ ಬೇಡ

ಆರ್ಟಿಚೋಕ್ ತಿಂದ ಮೇಲೆ ನೀರೂ ಸಿಹಿಯಾಗುತ್ತದೆ, ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ. ವೈನು ವಿಚಿತ್ರವಾಗುತ್ತದೆ. ಕೆಂಪು ವೈನಿಗೆ ಚಾಕೊಲೇಟ್ ಎಂಬುದು ಪ್ರೇಮಿಗಳ ದಿನದ ವ್ಯಾಪಾರಿಗಳು ಹಬ್ಬಿಸಿದ್ದು. ಒಗರಿನ ಮೇಲೆ ಒಗರು, ಸಿಹಿಯ ಮುಂದೆ ಹುಳಿ. ನನ್ನ ಮೇಜಿನಲ್ಲಿ ಯಾರಾದರೂ ಕೇಳಿದರೆ ಕೊಡುತ್ತೇನೆ, ಮುಖ ಮಾತ್ರ ಬೇರೆ ಕಡೆ ತಿರುಗಿಸುತ್ತೇನೆ.

8. ಮೀನಿನ ನಿಯಮ ಮುರಿಯುವುದು ಯಾವಾಗ

ಕೆಂಪು ವೈನಿಗೆ ಮೀನು ಬೇಡ ಎನ್ನುವುದಕ್ಕೆ ಒಂದು ಗಟ್ಟಿ ಕಾರಣವಿದೆ. ವೈನಿನಲ್ಲಿ ಕರಗಿದ ಕಬ್ಬಿಣದ ಅಂಶವೇ ಬಾಯಲ್ಲಿ ಆ ಮೀನುನಾತ ಎಬ್ಬಿಸುವುದು ಎಂದು 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಎಲ್ಲ ಕೆಂಪು ವೈನಿನಲ್ಲೂ ಕಬ್ಬಿಣ ಒಂದೇ ಪ್ರಮಾಣದಲ್ಲಿರುವುದಿಲ್ಲ, ಹಾಗಾಗಿ ಕೆಲವೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ಇಲ್ಲ. ನಮ್ಮೂರಿನ ಕೆಲವು ಮನೆಗಳಲ್ಲಿ ಬುಯಾಬೇಸ್ ಎಂಬ ಮೀನುಸಾರಿಗೆ ಎಳೆಯ ಕೆಂಪು ಬಾಂದೋಲನ್ನು ತಣ್ಣಗೆ ಮಾಡಿ ಕುಡಿಯುತ್ತಿದ್ದರು. (ನಮ್ಮೂರು ಎಂದು ಬರೆದುಬಿಟ್ಟೆ, ಇರಲಿ.) ಕೇಸರಿ, ಸೋಂಪು, ಬೆಳ್ಳುಳ್ಳಿ ಅರೆದು ಆಲಿವ್ ಎಣ್ಣೆಯಲ್ಲಿ ಕಡೆದ ಗೊಜ್ಜು ಸೇರಿ ಆ ಸಾರು ಮೀನಿಗಿಂತ ಬಹಳ ದೂರ ಹೋಗಿರುತ್ತದೆ. ಹಬೆಯಲ್ಲಿ ಬೇಯಿಸಿದ ಬಿಳಿ ಮೀನಿಗೆ ಮಾತ್ರ ಈ ಪ್ರಯೋಗ ಮಾಡಬೇಡಿ.

9. ಸಸ್ಯಾಹಾರಿಗಳ ಮೇಜು

ಇದು ನನ್ನ ಸ್ವಂತ ಹಟ. ಭಾರತದಿಂದ ಬಂದ ಅತಿಥಿಗಳು ಸಸ್ಯಾಹಾರಿಗಳಾದರೆ ಬೇರೆಯವರು ಅವರಿಗೆ ಹಗುರ ರೋಸೇ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಬಾಂದೋಲಿನಲ್ಲಿ ಈಗ ತಯಾರಾಗುವುದರಲ್ಲಿ ಬಹುಪಾಲು ರೋಸೇಯೇ, ಅದೇನೂ ಕಳಪೆಯಲ್ಲ. ಆದರೆ ಮಾಂಸ ತಿನ್ನದವರಿಗೆ ಕೆಂಪು ಬೇಡ ಎಂದು ತೀರ್ಮಾನಿಸಲು ಇವರು ಯಾರು?

ನಾನು ಮಾಡಿಸುತ್ತಿದ್ದುದು ಇದು. ಬದನೆಕಾಯಿಯನ್ನು ಕೆಂಡದ ಮೇಲೆ ಇಡಿಯಾಗಿ ಸುಟ್ಟು, ಸಿಪ್ಪೆ ತೆಗೆದು, ಆಲಿವ್ ಎಣ್ಣೆ ಧಾರಾಳ ಸುರಿದು, ಮೇಲೆ ಬಲಿತ ಕುರಿಹಾಲಿನ ಚೀಸ್ ತುರಿದು ಒಲೆಯಲ್ಲಿ ಕೆಂಪಗಾಗಿಸುವುದು. ಬದನೆ ಸುಟ್ಟ ಗೊಜ್ಜಿನ ಮನೆಯವನಿಗೆ ಇದು ಹೊಳೆಯದೇ ಇದ್ದೀತೆ? ಹೊಗೆ, ಎಣ್ಣೆ, ಉಪ್ಪು, ಹಾಲಿನ ಪ್ರೋಟೀನು ಎಲ್ಲ ಇದೆ. ಬಿಳಿ ಬೀನ್ಸ್ ಕಾಳನ್ನು ಸೇಜ್ ಎಲೆ ಹಾಕಿ ಮೆತ್ತಗೆ ಬೇಯಿಸಿ ಎಣ್ಣೆ ಬಿಟ್ಟದ್ದೂ ಚೆನ್ನಾಗಿ ಹೊಂದುತ್ತದೆ. ಕಪ್ಪು ಆಲಿವ್ ಮತ್ತು ಕೇಪರ್ ಅರೆದ ತಪನಾದ್ ಎಂಬ ಚಟ್ನಿಯಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಸೇರಿರುತ್ತದೆ, ಅದನ್ನು ಬಿಟ್ಟು ಮಾಡಿಸಿಕೊಳ್ಳಬೇಕು. ಕೇಳದೆ ತಿಂದು ಆಮೇಲೆ ಕಣ್ಣೀರಿಟ್ಟವರನ್ನು ನೋಡಿದ್ದೇನೆ.

ಅಣಬೆ ಒಂದು ಬಲೆ. ಎಲ್ಲರೂ ಅಣಬೆಯನ್ನೇ ಸೂಚಿಸುತ್ತಾರೆ. ಅದರ ಮಾಂಸದಂಥ ರುಚಿ ಒಗರನ್ನೂ ಕಹಿಯನ್ನೂ ಹೆಚ್ಚಿಸುತ್ತದೆ. ಉಪ್ಪು ತುಸು ಮುಂದೆ, ನಾಲ್ಕು ಹನಿ ನಿಂಬೆ, ಬೆಣ್ಣೆ, ಇಷ್ಟು ಸೇರಿದರೆ ಮಾತ್ರ ಸರಿಹೋಗುತ್ತದೆ. ಮೆತ್ತಗಿನ ಮೇಕೆ ಚೀಸಿಗೆ ಈ ವೈನು ಭಾರ, ಗಟ್ಟಿ ಚೀಸೇ ಆಗಬೇಕು.

10. ಮಾತಾಡದ ವರ್ಷಗಳು

ಎಳೆಯದರಲ್ಲಿ ಬಾಂದೋಲ್ ಹಣ್ಣು ತುಂಬಿ ಗಲಗಲ ಎನ್ನುತ್ತಿರುತ್ತದೆ. ನಾಲ್ಕೈದು ವರ್ಷಕ್ಕೆ ಬಾಯಿ ಮುಚ್ಚುತ್ತದೆ. ಹಣ್ಣು ಒಳಗೆ ಸೇರಿ ಒಗರು ಮಾತ್ರ ಹೊರಗೆ ನಿಂತಿರುತ್ತದೆ. ಮೊದಲ ತಿಂಗಳು ನಾನು ತೆರೆದ ಆ ಮೂರು ಬಾಟಲಿ ಅಂಥ ವಯಸ್ಸಿನವೇ. ಎಂಟು ಹತ್ತು ವರ್ಷದ ಮೇಲೆ ಮತ್ತೆ ಮಾತಾಡತೊಡಗುತ್ತದೆ, ಆಗ ದನಿ ಬೇರೆ. ತೊಗಲು, ಒದ್ದೆ ಎಲೆ, ಒಣ ಅಂಜೂರ. ಟ್ಯಾನಿನ್‌ಗಳು ಒಂದಕ್ಕೊಂದು ಸೇರಿ ಭಾರವಾಗಿ ತಳಕ್ಕೆ ಗಷ್ಟಾಗಿ ಕೂರುತ್ತವೆ. ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಕುತ್ತಿಗೆಯ ಹಿಂದೆ ಮೇಣದಬತ್ತಿ ಹಿಡಿದು, ಗಷ್ಟು ಕುತ್ತಿಗೆಗೆ ಬರುತ್ತಿದ್ದಂತೆ ಸುರಿಯುವುದನ್ನು ನಿಲ್ಲಿಸಬೇಕು. ಹಳೆಯದನ್ನು ಗಂಟೆಗಟ್ಟಲೆ ಗಾಳಿಗೆ ಬಿಡಬಾರದು, ಅದು ಎರಡನೆಯ ಪಾಠದ ತದ್ವಿರುದ್ಧ. ಇದಕ್ಕೆ ದೋಬ್ ಬೇಡ, ಸಾದಾ ಹುರಿದ ಕೋಳಿ ಸಾಕು.

ತಾಂಪಿಯೇ ಮನೆತನದ ಆ ಲೂಲೂ ಪೇರೋ 2020ರಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಅಡುಗೆಯನ್ನು ಅಮೆರಿಕದ ಲೇಖಕ ರಿಚರ್ಡ್ ಓಲ್ನಿ 1994ರಲ್ಲೇ ಪುಸ್ತಕ ಮಾಡಿದ್ದರು. ನಮ್ಮ ಯಜಮಾನಿಯ ಅಡುಗೆಮನೆಯಲ್ಲಿ ಅದರ ಒಂದು ಪ್ರತಿ ಇತ್ತು, ಎಣ್ಣೆ ಜಿಡ್ಡಿನಿಂದ ಪುಟಗಳು ಅಂಟಿಕೊಂಡಿದ್ದವು. ಅದನ್ನು ನೋಡಿ ಅಡುಗೆ ಮಾಡಿದ್ದನ್ನು ಮಾತ್ರ ನಾನು ಕಂಡಿಲ್ಲ. ಬೇರೆಯವರ ದೋಬನ್ನು ಬೈಯುವಾಗ ಪುರಾವೆಗೆಂದು ತೆಗೆಯುತ್ತಿದ್ದರು.

11. ಮರುದಿನದ ಬಾಟಲಿ

ಉಳಿದ ವೈನನ್ನು ಚೆಲ್ಲಬೇಡಿ. ಬಿರಡೆ ಒತ್ತಿ ಫ್ರಿಜ್ಜಿನಲ್ಲಿಟ್ಟರೆ ಎಳೆಯ ಬಾಂದೋಲ್ ಮರುದಿನ ಹೆಚ್ಚು ಮೆತ್ತಗಾಗಿರುತ್ತದೆ, ಮೂರನೆಯ ದಿನಕ್ಕೂ ಕೆಲವು ನಿಲ್ಲುತ್ತವೆ. ನಮ್ಮಲ್ಲಿ ಸೋಮವಾರದ ಊಟ ನೌಕರರದು. ಭಾನುವಾರ ಉಳಿದ ದೋಬಿನ ಮಾಂಸವನ್ನು ಯಜಮಾನಿ ಫೋರ್ಕಿನಿಂದ ಬಿಡಿಸಿ, ಸೊಪ್ಪು ಸೇರಿಸಿ, ಮೈದಾ ಹಾಳೆಯೊಳಗಿಟ್ಟು ರವಿಯೋಲಿ ಕಟ್ಟುತ್ತಿದ್ದರು, ಅದರ ಮೇಲೆ ಅದೇ ಸಾರು. ಗಿರಾಕಿಗಳು ಬಿಟ್ಟುಹೋದ ಬಾಟಲಿಗಳ ತಳದ ವೈನನ್ನೆಲ್ಲ ಒಂದೇ ಹೂಜಿಗೆ ಸುರಿದು ನಾಲ್ವರೂ ಹಂಚಿಕೊಳ್ಳುತ್ತಿದ್ದೆವು. ಯಾವ ತೋಟದ್ದು, ಯಾವ ವರ್ಷದ್ದು ಎಂದು ಯಾರೂ ಕೇಳುತ್ತಿರಲಿಲ್ಲ. ಪಾತ್ರೆ ತೊಳೆಯುವ ಹುಡುಗ ಅದಕ್ಕೆ ಐಸ್ ಹಾಕಿಕೊಳ್ಳುತ್ತಿದ್ದ.